ಎರಡು ಗಡಿಯಾರಗಳ ನಡುವೆ: ಮೆಟಲ್‌ಕಿಟ್‌ನ ಎಂಟಿಕೆವ್ಯೂ ಬಳಸಿ ನೋಡಿದಾಗ

ಹಾಡುವವರ ದನಿ ಯಾವ ಸ್ವರದಲ್ಲಿ ನಿಂತಿದೆ, ಗಮಕದಲ್ಲಿ ಅದು ಎಷ್ಟು ಮೇಲೇರಿ ಎಷ್ಟು ಕೆಳಗಿಳಿಯಿತು ಎಂಬುದನ್ನು ಗೆರೆಯಾಗಿ ತೋರಿಸುವ ಒಂದು ಚಿಕ್ಕ ಆ್ಯಪ್ ಅನ್ನು ಬಿಡುವಿನ ವೇಳೆಯಲ್ಲಿ ಐಪ್ಯಾಡ್‌ಗಾಗಿ ಬರೆಯುತ್ತಿದ್ದೇನೆ. ಸೆಕೆಂಡಿಗೆ 44,100 ಮಾದರಿಗಳಂತೆ ಬರುವ ಧ್ವನಿಯಲ್ಲಿ ಪ್ರತಿ 512 ಮಾದರಿಗಳಿಗೊಮ್ಮೆ ಶ್ರುತಿಯನ್ನು ಅಳೆಯುವುದರಿಂದ ಗೆರೆಗೆ ಸೆಕೆಂಡಿಗೆ ಸುಮಾರು 86 ಹೊಸ ಬಿಂದುಗಳು ಸೇರುತ್ತವೆ. ಐದು ನಿಮಿಷದ ಆಲಾಪನೆ ಮುಗಿಯುವಷ್ಟರಲ್ಲಿ ಬಿಂದುಗಳ ಸಂಖ್ಯೆ 25 ಸಾವಿರವನ್ನು ದಾಟುತ್ತದೆ. ಮೊದಲ ಆವೃತ್ತಿಯಲ್ಲಿ ಇದೆಲ್ಲವನ್ನೂ ಸಾಮಾನ್ಯ ವ್ಯೂ (ಪರದೆಯ ಮೇಲಿನ ಒಂದು ಆಯತಾಕಾರದ ಭಾಗ) ಒಂದರ ಡ್ರಾ ವಿಧಾನದೊಳಗೆ ಆ್ಯಪಲ್‌ನ ಚಿತ್ರ ಬರೆಯುವ ಸವಲತ್ತಾದ ಕೋರ್ ಗ್ರಾಫಿಕ್ಸ್‌ನಿಂದ ಎಳೆಯುತ್ತಿದ್ದೆ. ಮೂರನೆಯ ನಿಮಿಷಕ್ಕೆ ಪರದೆ ತಡವರಿಸತೊಡಗಿತು. ಇಡೀ ಗೆರೆಯನ್ನು ಪ್ರತಿ ಬಾರಿಯೂ ಸಿಪಿಯುವಿನಿಂದ ಹೊಸದಾಗಿ ಬರೆಸುವ ನನ್ನ ವಿನ್ಯಾಸವೇ ಅದಕ್ಕೆ ಕಾರಣವಾಗಿತ್ತು. ಹಾಗಾಗಿ ಚಿತ್ರಣದ ಕೆಲಸವನ್ನು ಅದಕ್ಕೆಂದೇ ಇರುವ ಚಿಪ್ ಆದ ಜಿಪಿಯುವಿಗೆ ಒಪ್ಪಿಸಲು, ಆ ಜಿಪಿಯುವಿಗೆ ಆದೇಶ ಕೊಡುವ ಆ್ಯಪಲ್‌ನ ವ್ಯವಸ್ಥೆಯಾದ ಮೆಟಲ್ ಕಡೆಗೆ ತಿರುಗಿದೆ. ಬಟನ್, ಪಟ್ಟಿ, ಸ್ಲೈಡರ್‌ಗಳೆಲ್ಲ ಆ್ಯಪಲ್‌ನ ಪರದೆ ಘಟಕಗಳ ಸಂಗ್ರಹವಾದ ಯುಐಕಿಟ್‌ನಲ್ಲೇ ಇದ್ದ ಕಾರಣ, ಮೆಟಲ್ ಅನ್ನು ಅವುಗಳ ನಡುವೆ ಕೂರಿಸಲು ಆ್ಯಪಲ್ ಕೊಟ್ಟಿರುವ ಸೇತುವೆಯಾದ ಎಂಟಿಕೆವ್ಯೂವನ್ನು ಆಯ್ದುಕೊಂಡೆ. ಈ ವಿಮರ್ಶೆ ಆ ಸೇತುವೆಯನ್ನು ಕುರಿತದ್ದು.

ಮೆಟಲ್ 2014ರಲ್ಲಿ ಐಓಎಸ್ 8ರ ಜೊತೆ ಬಂದಿತು. ಮೊದಲ ವರ್ಷ ಅದನ್ನು ಪರದೆಗೆ ತರಬೇಕಾದವರು ಸಿಎಮೆಟಲ್‌ಲೇಯರ್ ಎಂಬ ಪದರವನ್ನು ತಾವೇ ವ್ಯೂ ಒಂದಕ್ಕೆ ಅಳವಡಿಸಿ, ಕಾಲಸೂಚಕವಾದ ಸಿಎಡಿಸ್‌ಪ್ಲೇಲಿಂಕ್ ಅನ್ನೂ ತಾವೇ ನಿರ್ವಹಿಸಬೇಕಾಗಿತ್ತು. 2015ರಲ್ಲಿ ಐಓಎಸ್ 9 ಮತ್ತು ಓಎಸ್ ಎಕ್ಸ್ ಎಲ್ ಕ್ಯಾಪಿಟನ್ ಜೊತೆಗೆ ಬಂದ ಮೆಟಲ್‌ಕಿಟ್ ಈ ಎರಡೂ ಕೆಲಸಗಳನ್ನು ಒಂದು ವ್ಯೂ ವರ್ಗದೊಳಗೆ ಅಡಕಗೊಳಿಸಿತು. ಮೆಟಲ್‌ಗಿಂತ ಹಳೆಯ ಚಿತ್ರಣ ವ್ಯವಸ್ಥೆಯಾದ ಓಪನ್‌ಜಿಎಲ್ ಇಎಸ್ ಬಳಸುತ್ತಿದ್ದವರಿಗೆ 2011ರ ಜಿಎಲ್‌ಕಿಟ್ ಇಂಥದ್ದೇ ಅನುಕೂಲವನ್ನು ಒದಗಿಸಿತ್ತು, ಮತ್ತು ಎಂಟಿಕೆವ್ಯೂವಿನ ರೂಪರೇಖೆಯಲ್ಲಿ ಜಿಎಲ್‌ಕೆವ್ಯೂವಿನ ಮುಖಚಹರೆ ಸ್ಪಷ್ಟವಾಗಿಯೇ ಕಾಣುತ್ತದೆ. 2018ರಲ್ಲಿ ಓಪನ್‌ಜಿಎಲ್ ಮತ್ತು ಓಪನ್‌ಜಿಎಲ್ ಇಎಸ್ ಎರಡನ್ನೂ ಆ್ಯಪಲ್ ಬಳಕೆಯಿಂದ ಹಿಂದೆ ಸರಿಸಲು ನಿರ್ಧರಿಸಿದ ಮೇಲೆ, ಹೊಸದಾಗಿ ಬರೆಯುವವರಿಗೆ ಆ ವೇದಿಕೆಯಲ್ಲಿ ಬೇರೆ ದಾರಿ ಇದ್ದಂತಿಲ್ಲ.

ಈ ವ್ಯೂವಿನ ಗುಣದೋಷಗಳನ್ನು ತೂಗುವ ಮುನ್ನ ಅದು ಬೆಸೆಯಬೇಕಾದ ಎರಡು ವ್ಯವಸ್ಥೆಗಳ ಸ್ವಭಾವವನ್ನು ಹೇಳಬೇಕು. ಯುಐಕಿಟ್‌ನ ವ್ಯೂ ವ್ಯವಸ್ಥೆ ನೆನಪಿರುವ ವ್ಯವಸ್ಥೆ. ಒಮ್ಮೆ ಬರೆದ ಲೇಬಲ್ ಅನ್ನು ಅದು ಪದರವಾಗಿ ಇಟ್ಟುಕೊಳ್ಳುತ್ತದೆ, ಬದಲಾವಣೆಯಾಯಿತೆಂದು ಯಾರಾದರೂ ಹೇಳುವವರೆಗೆ ಮತ್ತೆ ಬರೆಯುವುದಿಲ್ಲ, ಮತ್ತು ನಡೆದ ಬದಲಾವಣೆಗಳನ್ನೆಲ್ಲ ಒಟ್ಟುಗೂಡಿಸಿ ಒಂದು ವಹಿವಾಟಾಗಿ, ಪದರಗಳನ್ನು ಜೋಡಿಸಿ ಪರದೆಗೆ ತರುವ ಕೋರ್ ಆನಿಮೇಷನ್‌ಗೆ ಒಪ್ಪಿಸುತ್ತದೆ. ಜಿಪಿಯು ಹಾಗಲ್ಲ. ಹಿಂದಿನ ಫ್ರೇಮ್‌ನಲ್ಲಿ, ಅಂದರೆ ಪರದೆಗೆ ಹೋದ ಹಿಂದಿನ ಚಿತ್ರದಲ್ಲಿ, ಏನಿತ್ತು ಎಂಬುದು ಅದಕ್ಕೆ ಗೊತ್ತಿಲ್ಲ, ಗೊತ್ತಿರಬೇಕಾದ ಅಗತ್ಯವೂ ಇಲ್ಲ. ಪ್ರತಿ ಫ್ರೇಮ್‌ಗೂ ಆದೇಶಗಳ ಪಟ್ಟಿಯನ್ನು ಹೊಸದಾಗಿ ಕೊಟ್ಟರೆ ಹೊಸದಾಗಿ ಬರೆದು, ತನಗೆ ಅನುಕೂಲವಾದ ಹೊತ್ತಿಗೆ ಮುಗಿಸಿ ಪರದೆಗೆ ಕಳಿಸುತ್ತದೆ. ಇವೆರಡೂ ಬೇರೆ ಬೇರೆ ಗಡಿಯಾರ ನೋಡಿಕೊಂಡು ನಡೆಯುವ ವ್ಯವಸ್ಥೆಗಳು. ಯಾವ ಹೊತ್ತಿನಲ್ಲಿ ಯಾರ ಗಡಿಯಾರ ನಡೆಯಬೇಕು ಎಂಬುದನ್ನು ಸೇತುವೆ ಎಷ್ಟು ಚೆನ್ನಾಗಿ ನಿರ್ಧರಿಸಲು ಬಿಡುತ್ತದೆ ಎಂಬುದೇ ನನ್ನ ದೃಷ್ಟಿಯಲ್ಲಿ ಅದನ್ನು ಅಳೆಯುವ ಸರಿಯಾದ ಕೋಲು.

ಆರಂಭ ಸುಲಭ. ವ್ಯೂವಿಗೆ ಒಂದು ಡಿವೈಸ್ (ಕೋಡ್‌ನಲ್ಲಿ ಜಿಪಿಯುವಿನ ಪ್ರತಿನಿಧಿ) ಕೊಟ್ಟರೆ ಉಳಿದ ಸಾಮಗ್ರಿಯನ್ನು ಅದೇ ಹೊಂದಿಸಿಕೊಳ್ಳುತ್ತದೆ. ಯಾವುದು ಮುಂದೆ, ಯಾವುದು ಹಿಂದೆ ಎಂದು ನೆನಪಿಡುವ ಆಳದ ಬಫರ್ ಬೇಕಿದ್ದರೆ ಅದರ ಪಿಕ್ಸೆಲ್ ಸ್ವರೂಪವನ್ನು ಹೇಳಿದರೆ ಸಾಕು, ಅಂಚುಗಳನ್ನು ನಯಗೊಳಿಸಬೇಕಿದ್ದರೆ ಸ್ಯಾಂಪಲ್ ಸಂಖ್ಯೆಯನ್ನು 4 ಎಂದರೆ ಸಾಕು. ಬೇಕಾದ ಟೆಕ್ಸ್ಚರ್‌ಗಳನ್ನು, ಅಂದರೆ ಜಿಪಿಯು ಬಳಸುವ ಚಿತ್ರಗಳನ್ನು, ತಾನೇ ಸೃಷ್ಟಿಸಿ, ವ್ಯೂವಿನ ಅಳತೆ ಬದಲಾದಾಗ ತಾನೇ ಹೊಸದು ಮಾಡಿಕೊಳ್ಳುತ್ತದೆ. ವ್ಯೂವಿನ ಕರೆಗಳಿಗೆ ಉತ್ತರಿಸಲು ನಾವು ಬರೆಯಬೇಕಾದ ಡೆಲಿಗೇಟ್ ಎಂಬ ವಸ್ತುವಿನಲ್ಲಿ ಇರುವುದು ಎರಡೇ ವಿಧಾನಗಳು: ಅಳತೆ ಬದಲಾಗಲಿದೆ ಎಂದು ತಿಳಿಸುವುದು ಒಂದು, ಈಗ ಬರೆ ಎಂದು ಹೇಳುವುದು ಇನ್ನೊಂದು. ಇಷ್ಟು ಚಿಕ್ಕ ಒಪ್ಪಂದ ಇರುವುದರಿಂದ ಚಿತ್ರಣದ ಕೋಡ್ ಅನ್ನು ವ್ಯೂ ಕಂಟ್ರೋಲರ್‌ನಿಂದ ಪೂರ್ತಿ ಬೇರ್ಪಡಿಸಿ ಪ್ರತ್ಯೇಕ ವರ್ಗದಲ್ಲಿ ಇಡಲು ಸಾಧ್ಯವಾಗುತ್ತದೆ, ಮತ್ತು ಅದೇ ವರ್ಗ ಮ್ಯಾಕ್‌ನಲ್ಲೂ ಬದಲಾವಣೆಯಿಲ್ಲದೆ ನಡೆಯುತ್ತದೆ. ಮೊದಲ ದಿನ ನನಗೆ ಕಂಡದ್ದು ಮಾತ್ರ ಕಪ್ಪು ಪರದೆ. ವ್ಯೂ ತನ್ನ ಡೆಲಿಗೇಟ್ ಅನ್ನು ವೀಕ್ ರೆಫರೆನ್ಸ್ ಆಗಿ, ಅಂದರೆ ಅಳಿಯದಂತೆ ಹಿಡಿದಿಡದೆ, ಇಟ್ಟುಕೊಳ್ಳುತ್ತದೆ ಎಂಬುದನ್ನು ಗಮನಿಸದೆ, ಚಿತ್ರಕಾರ ವಸ್ತುವನ್ನು ವ್ಯೂಡಿಡ್‌ಲೋಡ್ ಒಳಗಿನ ಸ್ಥಳೀಯ ಚರದಲ್ಲಿ ಸೃಷ್ಟಿಸಿ ಒಪ್ಪಿಸಿದ್ದೆ. ಆ ವಿಧಾನ ಮುಗಿಯುತ್ತಿದ್ದಂತೆ ಚಿತ್ರಕಾರನೂ ಮುಗಿದಿದ್ದ. ದೋಷಸಂದೇಶ ಒಂದೂ ಬಾರದ ಕಾರಣ ಒಂದು ಸಂಜೆ ಶೇಡರ್‌ಗಳನ್ನು, ಅಂದರೆ ಜಿಪಿಯುವಿನಲ್ಲಿ ಓಡುವ ಚಿಕ್ಕ ಪ್ರೋಗ್ರಾಂಗಳನ್ನು, ಅನುಮಾನಿಸುತ್ತ ಕಳೆಯಿತು.

ಈ ವ್ಯೂವಿನಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದ ಸಂಗತಿಯೆಂದರೆ ಅದು ಒದಗಿಸುವ ಮೂರು ನಡೆಗಳು. ಏನನ್ನೂ ಬದಲಿಸದಿದ್ದರೆ ಅದು ತನ್ನದೇ ಕಾಲಸೂಚಕದ ಮೇಲೆ ಸೆಕೆಂಡಿಗೆ 60 ಬಾರಿ ಬರೆಯಲು ಕರೆಯುತ್ತದೆ. ಇದು ಜಿಪಿಯುವಿನ ಗಡಿಯಾರ. ಈಸ್‌ಪಾಸ್ಡ್ ಮತ್ತು ಎನೇಬಲ್‌ಸೆಟ್‌ನೀಡ್ಸ್‌ಡಿಸ್‌ಪ್ಲೇ ಎಂಬ ಎರಡು ಗುಣಗಳನ್ನೂ ನಿಜ ಎಂದಿಟ್ಟರೆ, ಬೇರೆ ಯಾವುದೇ ವ್ಯೂವಿನಂತೆ ಸೆಟ್‌ನೀಡ್ಸ್‌ಡಿಸ್‌ಪ್ಲೇ ಎಂದು ಕೇಳಿಕೊಂಡಾಗ ಮಾತ್ರ ಬರೆಯುತ್ತದೆ. ಇದು ಯುಐಕಿಟ್‌ನ ಗಡಿಯಾರ. ಮೊದಲನೆಯದನ್ನು ನಿಜವೆಂದೂ ಎರಡನೆಯದನ್ನು ಸುಳ್ಳೆಂದೂ ಇಟ್ಟರೆ ನಾವೇ ಡ್ರಾ ಎಂದು ಕರೆಯುವವರೆಗೆ ಅದು ಅಲುಗಾಡುವುದಿಲ್ಲ, ಅಂದರೆ ಗಡಿಯಾರ ನಮ್ಮ ಕೈಯಲ್ಲಿರುತ್ತದೆ. ಆಟಗಳನ್ನು ಬರೆಯುವವರಿಗೆ ಮೊದಲನೆಯದೇ ಸಾಕು. ಆದರೆ ನನ್ನಂತೆ ಉಪಕರಣದ ಸ್ವರೂಪದ ಆ್ಯಪ್ ಬರೆಯುವವರು ಎರಡನೆಯದರಿಂದಲೇ ಪ್ರಾರಂಭಿಸಬೇಕೆಂದು ಒತ್ತಿ ಹೇಳುತ್ತೇನೆ. ಗಾಯಕರು ಉಸಿರು ತೆಗೆದುಕೊಳ್ಳುವಾಗ, ತಂಬೂರಿ ಮಾತ್ರ ಮೀಟುತ್ತಿರುವಾಗ, ಅಥವಾ ಹಾಡು ಮುಗಿಸಿ ಗೆರೆಯನ್ನು ಸುಮ್ಮನೆ ನೋಡುತ್ತ ಕುಳಿತಾಗ ಪರದೆಯಲ್ಲಿ ಬದಲಾಗುವುದು ಏನೂ ಇಲ್ಲ. ಆ ಹೊತ್ತಿನಲ್ಲೂ ಅದೇ ಚಿತ್ರವನ್ನು ಸೆಕೆಂಡಿಗೆ 60 ಬಾರಿ ಬರೆಯುವುದೆಂದರೆ ಬ್ಯಾಟರಿಯನ್ನು ಬಿಸಿ ಮಾಡುವ ಕೆಲಸವಷ್ಟೆ. ಹಾಡುವಾಗ ಮೊದಲ ನಡೆ, ನಿಂತಾಗ ಎರಡನೆಯ ನಡೆ ಎಂದು ಎರಡು ಸಾಲಿನಲ್ಲಿ ಬದಲಿಸಿಕೊಳ್ಳಲು ಸಾಧ್ಯವಾದದ್ದು ಈ ವಿನ್ಯಾಸದ ಹೆಚ್ಚುಗಾರಿಕೆ. ಪ್ರೋಮೋಷನ್ ಎಂಬ ಆ್ಯಪಲ್‌ನ ವೇಗದ ಪರದೆಗಳಲ್ಲಿ ಸೆಕೆಂಡಿಗೆ 120 ಫ್ರೇಮ್ ಕೇಳುವ ಅವಕಾಶವೂ ಇದೆ. ಹೊಸ ಬಿಂದುಗಳು ಬರುವುದೇ 86 ಆಗಿರುವಾಗ 120ರ ಆಸೆ ನನಗೆ ಅನಾವಶ್ಯಕವೆನಿಸಿತು.

ಆದರೆ ಬರೆ ಎಂಬ ಕರೆ ಬರುವುದು ಮುಖ್ಯ ಥ್ರೆಡ್‌ನಲ್ಲಿ ಎಂಬುದನ್ನು ಸದಾ ನೆನಪಿಡಬೇಕು. ಬೆರಳಿನ ಸ್ಪರ್ಶ, ಪಟ್ಟಿಯ ಸ್ಕ್ರೋಲ್, ವಿನ್ಯಾಸದ ಲೆಕ್ಕಾಚಾರ ಎಲ್ಲವೂ ಅದೇ ಥ್ರೆಡ್‌ನಲ್ಲಿ ಸಾಲುಗಟ್ಟಿರುತ್ತವೆ. ಪರದೆಗೆ ಕಳಿಸಬಹುದಾದ ಟೆಕ್ಸ್ಚರ್‌ಗಳು, ಅಂದರೆ ಡ್ರಾಯೆಬಲ್‌ಗಳು, ಒಂದು ಪದರಕ್ಕೆ ಸಾಮಾನ್ಯವಾಗಿ ಮೂರೇ ಇರುತ್ತವೆ. 12.9 ಅಂಗುಲದ ಐಪ್ಯಾಡ್ ಪ್ರೊದ ಪರದೆ 2732 ಗುಣಿಸು 2048 ಪಿಕ್ಸೆಲ್‌ಗಳದ್ದು, ಪಿಕ್ಸೆಲ್‌ಗೆ 4 ಬೈಟ್‌ನಂತೆ ಒಂದು ಡ್ರಾಯೆಬಲ್‌ಗೆ ಸುಮಾರು 22 ಎಂಬಿ ಬೇಕಾಗುತ್ತದೆ, ಮೂರಕ್ಕೆ 67 ಎಂಬಿ. ಆದ್ದರಿಂದ ಈ ಜಿಪುಣತನ ಅರ್ಥವಾಗುವಂಥದ್ದೇ. ಮೂರೂ ಬಳಕೆಯಲ್ಲಿದ್ದಾಗ ನಾಲ್ಕನೆಯದನ್ನು ಕೇಳಿದರೆ ಒಂದು ಬಿಡುಗಡೆಯಾಗುವವರೆಗೆ, ಗರಿಷ್ಠ ಒಂದು ಸೆಕೆಂಡ್, ಕೇಳಿದ ಥ್ರೆಡ್ ನಿಂತುಬಿಡುತ್ತದೆ. ಇಲ್ಲಿ ಎಂಟಿಕೆವ್ಯೂವಿನ ಒಂದು ಸೂಕ್ಷ್ಮ ಅಪಾಯವಿದೆ. ಸದ್ಯದ ಡ್ರಾಯೆಬಲ್ ಕೊಡುವ ಕರೆಂಟ್‌ಡ್ರಾಯೆಬಲ್ ಎಂಬುದನ್ನೂ, ಅದರ ಮೇಲೆ ಹೇಗೆ ಬರೆಯಬೇಕೆಂಬ ವಿವರ ಕೊಡುವ ಕರೆಂಟ್‌ರೆಂಡರ್‌ಪಾಸ್‌ಡಿಸ್ಕ್ರಿಪ್ಟರ್ ಎಂಬುದನ್ನೂ ಅದು ಸಾಮಾನ್ಯ ಗುಣಗಳಂತೆ ತೋರಿಸುತ್ತದೆ. ಚುಕ್ಕೆ ಹಾಕಿ ಓದಿದರೆ ಸಿಗುವ ಬೆಲೆಯಂತೆ ಕಾಣುವ ಇವುಗಳನ್ನು ಮುಟ್ಟಿದ ಕ್ಷಣವೇ ಡ್ರಾಯೆಬಲ್‌ಗಾಗಿ ಕಾಯುವ ಕೆಲಸ ಶುರುವಾಗುತ್ತದೆ. ನಾನು ಡೆಲಿಗೇಟ್ ವಿಧಾನದ ಮೊದಲ ಸಾಲಿನಲ್ಲೇ ಡಿಸ್ಕ್ರಿಪ್ಟರ್ ಅನ್ನು ತೆಗೆದುಕೊಂಡು, ಆಮೇಲೆ ಬಿಂದುಗಳನ್ನು ಬಫರ್‌ಗೆ ತುಂಬುತ್ತಿದ್ದೆ. ತುಂಬುವ ಕೆಲಸವನ್ನು ಮೊದಲಿಟ್ಟು ಡಿಸ್ಕ್ರಿಪ್ಟರ್ ಅನ್ನು ಕೊನೆಯ ಗಳಿಗೆಯಲ್ಲಿ ಕೇಳಿದ ಮೇಲೆ ಸ್ಲೈಡರ್‌ನ ಬಿಗಿತ ಹೋಯಿತು. ಕಾಯಿಸುವ ಕೆಲಸವೊಂದು ಗುಣದ ವೇಷದಲ್ಲಿರುವುದು ವಿನ್ಯಾಸದ ಕೊರತೆಯೆಂದೇ ನಾನು ಎಣಿಸುತ್ತೇನೆ. ವಿಧಾನದ ಹೆಸರಿದ್ದಿದ್ದರೆ ಬರೆಯುವವರು ಎರಡು ಬಾರಿ ಯೋಚಿಸುತ್ತಿದ್ದರು.

ಅಳತೆಯ ವಿಷಯದಲ್ಲಿ ಎಲ್ಲರೂ ಒಮ್ಮೆ ಎಡವುತ್ತಾರೆ, ಆದ್ದರಿಂದ ಹೆಚ್ಚು ಬೆಳೆಸುವುದಿಲ್ಲ. ಸ್ಪರ್ಶದ ಸ್ಥಾನ ಪಾಯಿಂಟ್‌ಗಳಲ್ಲಿ ಬರುತ್ತದೆ, ಡ್ರಾಯೆಬಲ್‌ನ ಅಳತೆ ಪಿಕ್ಸೆಲ್‌ಗಳಲ್ಲಿ ಇರುತ್ತದೆ. ಯುಐಕಿಟ್‌ನ ಮೂಲಬಿಂದು ಮೇಲಿನ ಎಡ ಮೂಲೆ, ಮೆಟಲ್ ಸ್ಥಾನಗಳನ್ನು ಅಳೆಯುವ ಕ್ಲಿಪ್ ಅವಕಾಶದಲ್ಲಿ ಮೂಲಬಿಂದು ನಡುವೆ ಇದ್ದು ವೈ ಅಕ್ಷ ಮೇಲ್ಮುಖ. ಮ್ಯಾಕ್‌ನ ವ್ಯೂ ಆದ ಎನ್‌ಎಸ್‌ವ್ಯೂವಿಗೆ ಮೂಲಬಿಂದು ಕೆಳಗಿನ ಎಡ ಮೂಲೆ. ಬಣ್ಣದ ವಿಷಯ ಇದಕ್ಕಿಂತ ಮೋಸದ್ದು. ಪಿಕ್ಸೆಲ್ ಸ್ವರೂಪವನ್ನು ಎಸ್‌ಆರ್‌ಜಿಬಿ ಬಗೆಯದಕ್ಕೆ ಬದಲಿಸಿದರೆ ನಾವು ಕೊಡುವ ಸಂಖ್ಯೆಗಳನ್ನು ಮೆಟಲ್ ರೇಖೀಯ ಬೆಳಕಿನ ಅಳತೆಯೆಂದು ತಿಳಿಯುತ್ತದೆ. ಹಾಗಾಗಿ 0.5 ಎಂದು ಕೊಟ್ಟ ಬೂದು ಪರದೆಯಲ್ಲಿ ಸುಮಾರು 0.735 ಆಗಿ ತಿಳಿಯಾಗುತ್ತದೆ, ಪಕ್ಕದ ಟೂಲ್‌ಬಾರ್‌ನಲ್ಲಿ ಯುಐಕಿಟ್ ಬರೆದ ಅದೇ 0.5ರ ಬೂದು 0.5 ಆಗಿಯೇ ಉಳಿಯುತ್ತದೆ. ಎರಡು ವ್ಯವಸ್ಥೆಗಳ ನಡುವಿನ ಹೊಲಿಗೆ ಕಣ್ಣಿಗೆ ಕಾಣುವುದು ಇಂಥಲ್ಲೇ.

ಈಗ ನನ್ನ ಮುಖ್ಯ ತಕರಾರಿಗೆ ಬರುತ್ತೇನೆ. ಗೆರೆಯ ತುದಿಯಲ್ಲಿ ಸದ್ಯದ ಸ್ವರದ ಹೆಸರು, ಸ, ರಿ, ಗ ಎಂದು, ಗೆರೆಯ ಜೊತೆಗೇ ತೇಲಬೇಕೆಂಬುದು ನನ್ನ ಆಸೆಯಾಗಿತ್ತು. ಅದಕ್ಕಾಗಿ ಎಂಟಿಕೆವ್ಯೂವಿನ ಮೇಲೆ ಒಂದು ಯುಐಲೇಬಲ್ ಇಟ್ಟು, ಪ್ರತಿ ಫ್ರೇಮ್‌ನಲ್ಲೂ ಅದರ ಸ್ಥಾನವನ್ನು ಬದಲಿಸಿದೆ. ಗೆರೆ ನಿಧಾನವಾಗಿ ಚಲಿಸುವಾಗ ಎಲ್ಲವೂ ಸರಿಯಾಗಿತ್ತು. ಕಂಪಿತ ಗಮಕ ಬಂದಾಗ ಮಾತ್ರ ಅಕ್ಷರ ಗೆರೆಯನ್ನು ಬಿಟ್ಟು ನೀರಿನ ಮೇಲಿನ ಎಲೆಯಂತೆ ತುಯ್ದಾಡತೊಡಗಿತು. ಲೇಬಲ್‌ನ ಸ್ಥಾನ ಕೋರ್ ಆನಿಮೇಷನ್‌ನ ವಹಿವಾಟಿನ ಮೂಲಕ ಪರದೆಗೆ ಹೋಗುತ್ತದೆ, ಗೆರೆ ಜಿಪಿಯು ಕೆಲಸ ಮುಗಿದ ಕೂಡಲೇ ಆ ವಹಿವಾಟಿಗೆ ಕಾಯದೆ ಹೋಗುತ್ತದೆ. ಒಂದೇ ವಿಧಾನದೊಳಗೆ, ಒಂದೇ ಬಿಂದುವಿಗಾಗಿ ಮಾಡಿದ ಎರಡು ಬದಲಾವಣೆಗಳು ಪರದೆಯ ಮೇಲೆ ಒಂದೇ ಫ್ರೇಮ್‌ನಲ್ಲಿ ಕಾಣಿಸಿಕೊಳ್ಳುತ್ತವೆ ಎಂಬ ಖಾತರಿ ಇಲ್ಲ. ಇದಕ್ಕೆ ಪ್ರೆಸೆಂಟ್ಸ್‌ವಿತ್‌ಟ್ರಾನ್ಸಾಕ್ಷನ್ ಎಂಬ ಪರಿಹಾರ ಇದೆ. ಅದನ್ನು ನಿಜ ಎಂದಿಟ್ಟು, ಆದೇಶಗಳ ಪಟ್ಟಿಯಾದ ಕಮಾಂಡ್ ಬಫರ್ ಅನ್ನು ಒಪ್ಪಿಸಿ, ಅದು ಸರದಿಗೆ ಸೇರುವವರೆಗೆ ಕಾದು, ಆಮೇಲೆ ಡ್ರಾಯೆಬಲ್‌ಗೇ ಪ್ರೆಸೆಂಟ್ ಎಂದು ಹೇಳಬೇಕು. ಆಗ ಗೆರೆಯೂ ಲೇಬಲ್ಲೂ ಒಂದೇ ವಹಿವಾಟಿನಲ್ಲಿ ಪರದೆ ಸೇರುತ್ತವೆ. ಗುಣವನ್ನು ಬದಲಿಸಿದರಷ್ಟೇ ಸಾಲದು, ಪ್ರೆಸೆಂಟ್ ಮಾಡುವ ಕ್ರಮವನ್ನೂ ಬದಲಿಸಬೇಕು ಎಂಬುದನ್ನು ಮರೆತವರಿಗೆ ಇದು ಕೆಲಸ ಮಾಡದು. ಬೆಲೆಯೂ ಇದೆ: ಪ್ರತಿ ಫ್ರೇಮ್‌ಗೂ ಮುಖ್ಯ ಥ್ರೆಡ್ ಸ್ವಲ್ಪ ಹೊತ್ತು ಕೈಕಟ್ಟಿ ನಿಲ್ಲಬೇಕು. ಸೆಕೆಂಡಿಗೆ 60 ಫ್ರೇಮ್ ಎಂದರೆ ಒಂದಕ್ಕೆ 16.7 ಮಿಲಿಸೆಕೆಂಡ್ ಮಾತ್ರ, ಅದರಲ್ಲಿ ಕಾಯುವುದಕ್ಕೆಂದೇ ಪಾಲು ತೆಗೆದಿಡುವುದು ನನ್ನ ಧ್ವನಿ ಆ್ಯಪ್‌ಗೆ ದುಬಾರಿಯೆನಿಸಿತು.

ಆದ್ದರಿಂದ ಅಕ್ಷರಗಳನ್ನೂ ಮೆಟಲ್‌ನಲ್ಲೇ ಬರೆಯುವ ದಾರಿ ಹಿಡಿದೆ. ಮೆಟಲ್‌ಗೆ ಅಕ್ಷರಜ್ಞಾನವಿಲ್ಲ. ಅದಕ್ಕೆ ಗೊತ್ತಿರುವುದು ತ್ರಿಕೋನ ಮತ್ತು ಟೆಕ್ಸ್ಚರ್ ಮಾತ್ರ. ಇಂಗ್ಲಿಷ್ ಉದಾಹರಣೆಗಳಲ್ಲಿ ಸಾಮಾನ್ಯವಾಗಿ ಕಾಣುವ ಉಪಾಯವೆಂದರೆ ಪ್ರತಿ ಅಕ್ಷರಸಂಕೇತಕ್ಕೂ ಒಂದು ಚಿತ್ರವನ್ನು ದೊಡ್ಡ ಟೆಕ್ಸ್ಚರ್ ಒಂದರಲ್ಲಿ ಜೋಡಿಸಿಟ್ಟು, ಸಾಲಾಗಿ ಆರಿಸಿ ಅಂಟಿಸುವುದು. ಏಳು ಸ್ವರಗಳಿಗೆ ಅದು ಹೇಗೋ ಸಾಕಾಯಿತು. ರಾಗದ ಹೆಸರನ್ನೂ ಹಾಗೆಯೇ ಬರೆಯಹೊರಟಾಗ ಉಪಾಯ ಕೈಕೊಟ್ಟಿತು. ಪೂರ್ವಿಕಲ್ಯಾಣಿ ಎಂಬ ಹೆಸರನ್ನು ನೋಡಿ: ಯೂನಿಕೋಡ್ ಸಾಲಿನಲ್ಲಿ ವಕಾರಕ್ಕೆ ಮೊದಲು ಬರುವ ರಕಾರ ಬರವಣಿಗೆಯಲ್ಲಿ ಅರ್ಕಾವೊತ್ತಾಗಿ ವಿ ಅಕ್ಷರದ ಬಲಕ್ಕೆ ಹೋಗಿ ನಿಲ್ಲುತ್ತದೆ, ಲ್ಯಾ ಎಂಬಲ್ಲಿ ಯಕಾರ ಒತ್ತಾಗಿ ಲಕಾರದ ಜೊತೆ ಸೇರುತ್ತದೆ. ಸ್ತ್ರೀ ಎಂಬ ಒಂದೇ ಅಕ್ಷರಕ್ಕೆ ಆರು ಸಂಕೇತಗಳು ಬೇಕು. ಸಂಕೇತಕ್ಕೊಂದು ಚಿತ್ರ ಎಂಬ ಲೆಕ್ಕ ಕನ್ನಡಕ್ಕೆ ನಡೆಯುವುದೇ ಇಲ್ಲ. ನಡೆಯುವ ದಾರಿಯೆಂದರೆ ಪದವನ್ನು ಇಡಿಯಾಗಿ ಆ್ಯಪಲ್‌ನ ಪಠ್ಯ ಜೋಡಣೆಯ ವ್ಯವಸ್ಥೆಯಾದ ಕೋರ್ ಟೆಕ್ಸ್ಟ್‌ಗೆ ಒಪ್ಪಿಸಿ, ಒತ್ತು ಗುಣಿತಗಳ ಜೋಡಣೆಯನ್ನು ಅದರಿಂದಲೇ ಮಾಡಿಸಿ, ಮೂಡಿದ ಚಿತ್ರವನ್ನು ಮೆಟಲ್‌ಕಿಟ್‌ನಲ್ಲೇ ಇರುವ ಎಂಟಿಕೆಟೆಕ್ಸ್ಚರ್‌ಲೋಡರ್ ಮೂಲಕ ಟೆಕ್ಸ್ಚರ್ ಆಗಿಸಿಕೊಳ್ಳುವುದು. ಈ ಲೋಡರ್ ನಿಜಕ್ಕೂ ಉಪಯುಕ್ತ ಉಪಕರಣ. ಮೂಲಬಿಂದು ಎಲ್ಲಿರಬೇಕು, ಎಸ್‌ಆರ್‌ಜಿಬಿ ಎಂದು ತಿಳಿಯಬೇಕೇ ಎಂಬ ಆಯ್ಕೆಗಳನ್ನು ಕೊಟ್ಟರೆ ಒಂದೇ ಕರೆಯಲ್ಲಿ ಕೆಲಸ ಮುಗಿಯುತ್ತದೆ. ಪಠ್ಯದ ಚಿತ್ರದಲ್ಲಿ ಪಾರದರ್ಶಕತೆ ಬಣ್ಣಕ್ಕೆ ಮೊದಲೇ ಗುಣಿಸಲ್ಪಟ್ಟಿರುತ್ತದೆ ಎಂಬುದನ್ನು ಹಿನ್ನೆಲೆಯೊಡನೆ ಬಣ್ಣ ಬೆರೆಸುವ ಬ್ಲೆಂಡಿಂಗ್ ಹೊಂದಿಸುವಾಗ ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಅಕ್ಷರಗಳ ಸುತ್ತ ಕಪ್ಪು ಅಂಚು ಕಾಣುತ್ತದೆ. ಸ್ವರಗಳ ಏಳು ಚಿತ್ರಗಳನ್ನು ಆ್ಯಪ್ ತೆರೆಯುವಾಗ ಒಮ್ಮೆ, ರಾಗದ ಹೆಸರನ್ನು ರಾಗ ಬದಲಿಸಿದಾಗ ಒಮ್ಮೆ ಮಾಡಿಟ್ಟುಕೊಂಡರೆ ಸಾಕಾದ್ದರಿಂದ ವೇಗಕ್ಕೆ ಧಕ್ಕೆಯಾಗಲಿಲ್ಲ. ಆದರೆ ಹೀಗೆ ಬರೆದ ಅಕ್ಷರಗಳನ್ನು, ಪರದೆಯನ್ನು ಓದಿ ಹೇಳುವ ಸೌಲಭ್ಯವಾದ ವಾಯ್ಸ್‌ಓವರ್ ಓದಲಾರದು. ದೃಷ್ಟಿ ಇಲ್ಲದ ಸಂಗೀತ ವಿದ್ಯಾರ್ಥಿಗಳಿಗೆ ಶ್ರುತಿಯ ಆ್ಯಪ್ ನಿಲುಕದೆ ಹೋಗಬಾರದೆಂದು, ಸ್ವರದ ಹೆಸರನ್ನು ವ್ಯೂವಿನ ಆಕ್ಸೆಸಿಬಿಲಿಟಿ ವಿವರವಾಗಿ ಪ್ರತ್ಯೇಕವಾಗಿ ತಿಳಿಸುವ ಕೋಡ್ ಬರೆಯಬೇಕಾಯಿತು. ಯುಐಲೇಬಲ್ ಇದ್ದಾಗ ಅದು ತಾನಾಗಿಯೇ ಸಿಗುತ್ತಿತ್ತು.

ಎರಡು ಗಡಿಯಾರಗಳ ಜಗಳ ಮತ್ತೆ ಕಾಣುವುದು ಅಳತೆ ಬದಲಾಗುವಾಗ. ಐಪ್ಯಾಡ್ ಅನ್ನು ತಿರುಗಿಸಿದರೆ ಯುಐಕಿಟ್ ವ್ಯೂವಿಗೆ ಕೊನೆಯ ಅಳತೆಯನ್ನು ಕೂಡಲೇ ಕೊಟ್ಟು, ನಡುವಿನ ಹಂತಗಳನ್ನು ಕೋರ್ ಆನಿಮೇಷನ್ ಪದರವನ್ನು ಹಿಗ್ಗಿಸಿ ಕುಗ್ಗಿಸಿ ತೋರಿಸುತ್ತದೆ. ಗೆರೆಗೆ ಅದರಿಂದ ನಷ್ಟವೇನಿಲ್ಲ, ಆದರೆ ಷಡ್ಜವನ್ನು ಗುರುತಿಸಲು ನಾನು ಇಟ್ಟಿದ್ದ ವೃತ್ತ ಅರೆಗಳಿಗೆ ಮೊಟ್ಟೆಯಾಗುತ್ತದೆ. ಐಪ್ಯಾಡ್‌ನಲ್ಲಿ ಇದನ್ನು ಸಹಿಸಬಹುದು. ಮ್ಯಾಕ್‌ನಲ್ಲಿ ಕಿಟಕಿಯ ಅಂಚನ್ನು ಹಿಡಿದು ಎಳೆಯುವಷ್ಟು ಹೊತ್ತೂ ಚಿತ್ರ ರಬ್ಬರಿನಂತೆ ಹಿಗ್ಗುವುದು ಸಹಿಸುವಂಥದ್ದಲ್ಲ. ಪದರದ ಮರುಚಿತ್ರಣ ನೀತಿಯನ್ನು ಎಳೆಯುವ ಹೊತ್ತಿನಲ್ಲೂ ಬರೆಯುವಂತೆ ಹೊಂದಿಸಿ, ಆ ಹೊತ್ತಿಗೆ ಮಾತ್ರ ವಹಿವಾಟಿನ ಜೊತೆ ಪ್ರೆಸೆಂಟ್ ಮಾಡುವ ಕ್ರಮವನ್ನು ಬಳಸಿದರೆ ಅಲುಗಾಟ ನಿಲ್ಲುತ್ತದೆ. ಇಷ್ಟನ್ನು ಎಂಟಿಕೆವ್ಯೂ ತಾನೇ ಮಾಡಿಕೊಡಬಹುದಿತ್ತು.

ಯುಐಕಿಟ್‌ನ ನಂತರ ಬಂದ ಸ್ವಿಫ್ಟ್‌ಯುಐ ಬಳಸುವವರಿಗೆ ಎಂಟಿಕೆವ್ಯೂವಿನ ನೇರ ರೂಪ ಇಲ್ಲ. ಯುಐವ್ಯೂರೆಪ್ರೆಸೆಂಟೆಬಲ್ ಎಂಬ ಹೊದಿಕೆಯೊಳಗೆ ಇಡಬೇಕು. ಅಲ್ಲಿ ಅಪ್‌ಡೇಟ್ ವಿಧಾನ ಸ್ಥಿತಿ ಬದಲಾದಾಗಲೆಲ್ಲ ಓಡುವುದರಿಂದ ಕಮಾಂಡ್ ಕ್ಯೂ, ಪೈಪ್‌ಲೈನ್ ಮೊದಲಾದ ಭಾರದ ವಸ್ತುಗಳನ್ನು ಹೊದಿಕೆಯ ಜೊತೆಗೇ ಉಳಿಯುವ ಕೋಆರ್ಡಿನೇಟರ್‌ನಲ್ಲಿ ಒಮ್ಮೆ ಮಾತ್ರ ಸೃಷ್ಟಿಸಿ, ಅಪ್‌ಡೇಟ್‌ನಲ್ಲಿ ಸಂಖ್ಯೆಗಳನ್ನಷ್ಟೇ ದಾಟಿಸಬೇಕು. ಕೋಆರ್ಡಿನೇಟರ್ ಅನ್ನು ಸ್ವಿಫ್ಟ್‌ಯುಐ ಹಿಡಿದಿಟ್ಟುಕೊಳ್ಳುವುದರಿಂದ ಮೇಲೆ ಹೇಳಿದ ವೀಕ್ ಡೆಲಿಗೇಟ್‌ನ ತೊಂದರೆಯೂ ಇಲ್ಲಿ ತಪ್ಪುತ್ತದೆ. ಒಂದು ಬಟನ್‌ಗೆ ಮಿನುಗು ಕೊಡುವಂಥ ಚಿಕ್ಕ ಅಗತ್ಯವಿದ್ದರೆ ಇಷ್ಟೆಲ್ಲ ಬೇಡ. 2021ರ ಐಓಎಸ್ 15ರಲ್ಲಿ ಬಂದ ಕ್ಯಾನ್ವಾಸ್ ಅಥವಾ 2023ರ ಐಓಎಸ್ 17ರಲ್ಲಿ ಬಂದ ಶೇಡರ್ ಪರಿಣಾಮಗಳು ಸಾಕಾಗುತ್ತವೆ.

ಆ್ಯಂಡ್ರಾಯ್ಡ್‌ನಲ್ಲಿ ಇದೇ ಕೆಲಸ ಮಾಡಿದವರಿಗೆ ಒಂದು ಹೋಲಿಕೆ. ಅಲ್ಲಿನ ಸರ್ಫೇಸ್‌ವ್ಯೂ ಆ್ಯಪ್‌ನ ಕಿಟಕಿಯಲ್ಲಿ ತೂತು ಕೊರೆದು, ಹಿಂದೆ ಇರುವ ಬೇರೊಂದು ಮೇಲ್ಮೈಯನ್ನು ತೋರಿಸುತ್ತದೆ. ಆ್ಯಂಡ್ರಾಯ್ಡ್ 7.0 ಬರುವವರೆಗೆ ವ್ಯೂ ಚಲಿಸಿದಾಗ ತೂತು ಒಂದು ಕಡೆ, ಚಿತ್ರ ಇನ್ನೊಂದು ಕಡೆ ಆಗುವುದೂ ಇತ್ತು. 2011ರ ಆ್ಯಂಡ್ರಾಯ್ಡ್ 4.0ರಲ್ಲಿ ಬಂದ ಟೆಕ್ಸ್ಚರ್‌ವ್ಯೂ ಉಳಿದ ವ್ಯೂಗಳ ಜೊತೆಯಲ್ಲೇ ಬೆರೆಯುತ್ತದೆ, ಅದಕ್ಕೆ ತಕ್ಕಂತೆ ಹೆಚ್ಚು ಕೆಲಸವನ್ನೂ ಕೇಳುತ್ತದೆ. ಎಂಟಿಕೆವ್ಯೂವಿನ ಪದರ ಮೊದಲಿನಿಂದಲೂ ಕೋರ್ ಆನಿಮೇಷನ್‌ನ ಮರದೊಳಗಿನ ಕೊಂಬೆಯೇ ಆಗಿರುವುದರಿಂದ ದುಂಡು ಮೂಲೆ, ಪಾರದರ್ಶಕತೆ, ಮೇಲೆ ಇನ್ನೊಂದು ವ್ಯೂ ಎಲ್ಲವೂ ಸಹಜವಾಗಿ ಒದಗುತ್ತವೆ. ಸ್ಥಾನದಲ್ಲಿ ಹೀಗೆ ಒಂದಾಗಿರುವ ವ್ಯವಸ್ಥೆ ಕಾಲದಲ್ಲಿ ಒಂದಾಗದೆ ಉಳಿದಿರುವುದೇ ನನ್ನ ತಕರಾರಿನ ಸಾರ.

ಆ್ಯಪಲ್‌ನ ಆ್ಯಪ್ ಬರೆಯುವ ತಂತ್ರಾಂಶವಾದ ಎಕ್ಸ್‌ಕೋಡ್‌ನ ಗೇಮ್ ಟೆಂಪ್ಲೇಟ್‌ನಲ್ಲಿ ಮೆಟಲ್ ಆರಿಸಿದರೆ ತಿರುಗುವ ಘನವೊಂದರ ಪೂರ್ತಿ ಕೋಡ್ ಸಿಗುತ್ತದೆ, ಮೂರು ಫ್ರೇಮ್‌ಗಳು ಒಟ್ಟಿಗೆ ಹಾರಾಟದಲ್ಲಿರುವಾಗ ಸರದಿ ಕಾಯಿಸುವ ಸೆಮಾಫೋರ್‌ನಿಂದ ಬಫರ್‌ಗಳನ್ನು ಕಾಯುವ ಕ್ರಮವನ್ನು ಅಲ್ಲಿಂದ ಕಲಿಯಬಹುದು. ಒಂದು ಫ್ರೇಮ್ ಅನ್ನು ಸೆರೆಹಿಡಿದು ಆದೇಶಗಳನ್ನು ಒಂದೊಂದಾಗಿ ಬಿಡಿಸಿ ನೋಡುವ ಸೌಲಭ್ಯವನ್ನಂತೂ ಎಷ್ಟು ಹೊಗಳಿದರೂ ಸಾಲದು. ಆ ಕಪ್ಪು ಪರದೆಯ ಸಂಜೆ ಅದನ್ನು ತೆರೆದಿದ್ದರೆ ಒಂದು ಆದೇಶವೂ ಹೊರಡುತ್ತಿಲ್ಲ ಎಂಬುದು ಐದು ನಿಮಿಷದಲ್ಲಿ ತಿಳಿಯುತ್ತಿತ್ತು.

ಸದ್ಯ ಐಪ್ಯಾಡ್ ಆವೃತ್ತಿಯಲ್ಲಿ ಎಂಟಿಕೆವ್ಯೂವನ್ನೇ ಉಳಿಸಿಕೊಂಡಿದ್ದೇನೆ. ಮ್ಯಾಕ್ ಆವೃತ್ತಿಯಲ್ಲಿ ಅದನ್ನು ಬಿಟ್ಟು, ಸಿಎಮೆಟಲ್‌ಲೇಯರ್ ಅನ್ನು ನೇರವಾಗಿ ಇಟ್ಟುಕೊಂಡು, 2023ರಲ್ಲಿ ಬಂದ ಸಿಎಮೆಟಲ್‌ಡಿಸ್‌ಪ್ಲೇಲಿಂಕ್‌ನಿಂದ ಕಾಲವನ್ನು ಪಡೆಯುತ್ತಿದ್ದೇನೆ. ಚಿತ್ರಕಾರ ವರ್ಗ ಎರಡಕ್ಕೂ ಒಂದೇ ಆಗಿರುವುದರಿಂದ ಬದಲಿಸಲು ಬೇಕಾದದ್ದು ಒಂದು ಭಾನುವಾರದ ಬೆಳಗು ಮಾತ್ರ. ಸ್ವರದ ಅಕ್ಷರ ಈಗ ಗಮಕದಲ್ಲೂ ಗೆರೆಯ ತುದಿಯನ್ನು ಬಿಡುವುದಿಲ್ಲ.